ಮೊದಲ ಅಧ್ಯಯನದಲ್ಲಿ ಬಂತು, ಎರಡನೆಯದರಲ್ಲಿ ಬರಲಿಲ್ಲ: ಎರಡು ಪರಿಣಾಮ ಗಾತ್ರಗಳನ್ನು ಹೋಲಿಸುವುದು ಹೇಗೆ?

ಹೋದ ಮಳೆಗಾಲ ತೀರ್ಥಹಳ್ಳಿ ಹತ್ತಿರದ ದೊಡ್ಡಪ್ಪನ ಮನೆ ಜಗಲಿಯಲ್ಲಿ ಕೂತು ಸಂಖ್ಯಾಶಾಸ್ತ್ರದ ಈ ಪಾಠ ಓದುತ್ತಿದ್ದೆ. ದೊಡ್ಡಪ್ಪ ತೋಟದಲ್ಲಿ ಉದುರಿದ ಅಡಿಕೆ ಕಾಯಿಗಳನ್ನು ಬುಟ್ಟಿಯಲ್ಲಿ ತಂದು ಸುರಿದರು. ತೊಟ್ಟಿನ ಹತ್ತಿರ ನೀರು ಕುಡಿದಂಥ ಕಡುಹಸಿರು ಮಚ್ಚೆ, ಕೆಲವು ಕಾಯಿ ಮೇಲೆ ಬಿಳಿ ಬೂಷ್ಟು. ಕೊಳೆರೋಗ. "ಪಕ್ಕದ ಊರಲ್ಲಿ ಬಸಿಗಾಲುವೆ ಆಳ ಮಾಡಿದ್ಮೇಲೆ ಕೊಳೆ ಕಡಿಮೆ ಆಯ್ತಂತೆ. ನಾವೂ ಮಾಡಿದ್ವಿ, ಅಷ್ಟೇನೂ ಗೊತ್ತಾಗ್ಲಿಲ್ಲ. ಅವರು ಹೇಳಿದ್ದು ಸುಳ್ಳಾ ಮಗಾ?" ಅಂತ ಕೇಳಿದರು.

ನನ್ನ ಕೈಲಿದ್ದ ಪಾಠದ ಪ್ರಶ್ನೆಯೂ ಅದೇ. ಹಾಗಾಗಿ ಅದೇ ಉದಾಹರಣೆ ಇಟ್ಟುಕೊಳ್ಳೋಣ. ಅಂಕಿಗಳು ಲೆಕ್ಕ ಕಲಿಯಲು ನಾನು ಊಹಿಸಿದವು.

ಮೂಲ ಅಧ್ಯಯನ 30 ತೋಟಗಳದ್ದು. ಬಸಿಗಾಲುವೆ ಆಳ ಇದ್ದಷ್ಟೂ ಮರದಲ್ಲಿ ಉಳಿದ ಕಾಯಿ ಜಾಸ್ತಿ, ಸಹಸಂಬಂಧ (ಎರಡು ಸಂಗತಿಗಳು ಎಷ್ಟು ಜೊತೆಯಾಗಿ ಬದಲಾಗುತ್ತವೆ ಅನ್ನುವ ಅಳತೆ; 0 ಅಂದರೆ ನಂಟಿಲ್ಲ, 1 ಅಂದರೆ ಪೂರ್ತಿ ನಂಟು; ಇಲ್ಲಿ ನಮ್ಮ ಪರಿಣಾಮ ಗಾತ್ರ ಇದೇ) 0.50, ಪಿ ಮೌಲ್ಯ (ನಿಜಕ್ಕೂ ನಂಟೇ ಇಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ದೊಡ್ಡ ಅಂಕಿ ಬರುವ ಸಂಭವ) ಸುಮಾರು 0.005. ಮರು ಅಧ್ಯಯನ, ಅಂದರೆ ಅದೇ ಪ್ರಶ್ನೆಯನ್ನು ಮತ್ತೆ ಪರೀಕ್ಷಿಸಿದ್ದು, 80 ತೋಟಗಳದ್ದು. ಸಹಸಂಬಂಧ 0.20, ಪಿ ಮೌಲ್ಯ ಸುಮಾರು 0.075. ಪಿ ಮೌಲ್ಯ 0.05ಕ್ಕಿಂತ ಕಡಿಮೆ ಬಂದರೆ ಗೆರೆ ದಾಟಿತು ಅನ್ನುವುದು ವಾಡಿಕೆ. ಮೊದಲನೆಯದು 0.05ರ ಗೆರೆ ದಾಟಿತು, ಎರಡನೆಯದು ದಾಟಲಿಲ್ಲ. ತಕ್ಷಣ ನಾವು ಬರೆಯುವುದು: "ಮರು ಅಧ್ಯಯನ ಸೋತಿತು."

ಇಲ್ಲೇ ಎಡವುತ್ತೇವೆ. ಎರಡನ್ನೂ ಬೇರೆ ಬೇರೆಯಾಗಿ ಸೊನ್ನೆಯ ಜೊತೆ ಹೋಲಿಸಿದೆವೇ ಹೊರತು, ಒಂದನ್ನು ಇನ್ನೊಂದರ ಜೊತೆ ಹೋಲಿಸಲೇ ಇಲ್ಲ, ಅಲ್ವಾ? ಸಂಖ್ಯಾಶಾಸ್ತ್ರಜ್ಞರಾದ ಗೆಲ್ಮನ್ ಮತ್ತು ಸ್ಟರ್ನ್ 2006ರಲ್ಲೇ ಇದನ್ನು ಬಿಡಿಸಿ ಹೇಳಿದ್ದಾರೆ. ಎರಡರ ನಡುವಿನ ವ್ಯತ್ಯಾಸವನ್ನೇ ಪರೀಕ್ಷೆಗೆ ಇಡಬೇಕು.

ಸಹಸಂಬಂಧಗಳನ್ನು ನೇರವಾಗಿ ಕಳೆಯುವಂತಿಲ್ಲ. ಅವು 1ರ ಹತ್ತಿರ ಹೋದಷ್ಟೂ ಹಂಚಿಕೆ ಒಂದು ಕಡೆಗೆ ವಾಲುತ್ತದೆ. ಅದಕ್ಕೇ ಫಿಶರ್ ಪರಿವರ್ತನೆ. 1ಕ್ಕೆ ಸಹಸಂಬಂಧ ಕೂಡಿಸಿ, 1ರಿಂದ ಸಹಸಂಬಂಧ ಕಳೆದು ಬಂದದ್ದರಿಂದ ಭಾಗಿಸಿ, ನ್ಯಾಚುರಲ್ ಲಾಗ್ ತೆಗೆದು, ಅರ್ಧ ಮಾಡಿ. ಮೊದಲನೆಯದಕ್ಕೆ 1.5 ಭಾಗಿಸು 0.5, ಅಂದರೆ 3. ಅದರ ಲಾಗ್ 1.099, ಅರ್ಧ 0.549. ಎರಡನೆಯದಕ್ಕೆ 1.2 ಭಾಗಿಸು 0.8, ಅಂದರೆ 1.5. ಲಾಗ್ 0.405, ಅರ್ಧ 0.203. ವ್ಯತ್ಯಾಸ 0.346.

ಈಗ ಸ್ಟ್ಯಾಂಡರ್ಡ್ ಎರರ್, ಅಂದರೆ ಈ ವ್ಯತ್ಯಾಸ ಬರೀ ಆಕಸ್ಮಿಕದಿಂದ ಎಷ್ಟು ಹಿಂದೆ ಮುಂದೆ ಆಗಬಹುದು ಅನ್ನುವ ಅಳತೆ. ತೋಟಗಳ ಸಂಖ್ಯೆಯಿಂದ 3 ಕಳೆದು ತಲೆಕೆಳಗು ಮಾಡಬೇಕು: 27ರಲ್ಲಿ 1, 77ರಲ್ಲಿ 1. ಕೂಡಿಸಿದರೆ 0.050, ವರ್ಗಮೂಲ 0.224. ವ್ಯತ್ಯಾಸವನ್ನು ಇದರಿಂದ ಭಾಗಿಸಿದರೆ 1.55, ಪಿ ಮೌಲ್ಯ 0.12. ಎರಡು ಅಧ್ಯಯನಗಳೂ ಬೇರೆ ಮಾತು ಹೇಳುತ್ತಿವೆ ಅನ್ನಲು ಇದು ಸಾಲದು.

ಹಾಗಂತ ಎರಡೂ ಒಂದೇ ಮಾತು ಹೇಳಿದವು ಅಂತಲೂ ಬರೆಯಬೇಡಿ. ಈ ತಪ್ಪೂ ನಡೆಯುತ್ತದೆ. ವ್ಯತ್ಯಾಸದ 95% ಕಾನ್ಫಿಡೆನ್ಸ್ ಇಂಟರ್ವಲ್ (ನಿಜವಾದ ವ್ಯತ್ಯಾಸ ಇರಬಹುದಾದ ವ್ಯಾಪ್ತಿ, ಫಿಶರ್ ಅಳತೆಯಲ್ಲಿ) ನೋಡಿ: −0.09ರಿಂದ 0.78ರವರೆಗೆ. ವ್ಯತ್ಯಾಸವೇ ಇಲ್ಲ ಅನ್ನುವುದಕ್ಕೂ ಜಾಗ ಇದೆ, ಭಾರಿ ವ್ಯತ್ಯಾಸಕ್ಕೂ ಜಾಗ ಇದೆ. 30 ತೋಟಗಳಿಂದ ಬಂದ ಅಂಕಿ ಅಷ್ಟು ಸಡಿಲ.

ಇದನ್ನೇ ಇನ್ನೊಂದು ರೀತಿ ಕೇಳಬಹುದು: ಮೂಲ ಅಧ್ಯಯನ ಸರಿಯಿದ್ದರೆ, 80 ತೋಟಗಳ ಮರು ಅಧ್ಯಯನದಲ್ಲಿ ಏನು ಬರಬಹುದಿತ್ತು? ಇದು ಪ್ರಿಡಿಕ್ಷನ್ ಇಂಟರ್ವಲ್. ನಮ್ಮ ಲೆಕ್ಕದಲ್ಲಿ ಸಹಸಂಬಂಧ 0.11ರಿಂದ 0.76. ನಮಗೆ ಸಿಕ್ಕ 0.20 ಅದರೊಳಗೇ ಇದೆ.

ಅಳತೆಗೋಲು ಬದಲಾದರೆ ತೀರ್ಪು ಎಷ್ಟು ಬದಲಾಗುತ್ತದೆ ಅನ್ನುವುದಕ್ಕೆ ನಿಜವಾದ ಉದಾಹರಣೆ ಇದೆ. 2015ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಮನಶ್ಶಾಸ್ತ್ರದ 100 ಮರು ಅಧ್ಯಯನಗಳ ಫಲಿತಾಂಶ ಬಂತು. ಮೂಲಗಳಲ್ಲಿ 97% ಗೆರೆ ದಾಟಿದ್ದವು, ಮರು ಅಧ್ಯಯನಗಳಲ್ಲಿ ದಾಟಿದ್ದು 36%. ಮೂಲದ ಪರಿಣಾಮ ಗಾತ್ರ ಮರು ಅಧ್ಯಯನದ ಕಾನ್ಫಿಡೆನ್ಸ್ ಇಂಟರ್ವಲ್ ಒಳಗೆ ಬಿದ್ದದ್ದು 47%. ಮುಂದಿನ ವರ್ಷ ಪಾಟೀಲ್, ಪೆಂಗ್, ಲೀಕ್ ಅದೇ ಮಾಹಿತಿಗೆ ಪ್ರಿಡಿಕ್ಷನ್ ಇಂಟರ್ವಲ್ ಹಾಕಿದಾಗ 77% ಒಳಗೆ ಬಂದವು. ಆದರೆ 77 ನೋಡಿ ನೆಮ್ಮದಿಯಾಗಬೇಡಿ. ಮೂಲ ಅಧ್ಯಯನ ಚಿಕ್ಕದಿದ್ದಷ್ಟೂ ಈ ಇಂಟರ್ವಲ್ ಅಗಲವಾಗುತ್ತದೆ, ಏನು ಬಂದರೂ ಒಳಗೆ ಸೇರಿಕೊಳ್ಳುತ್ತದೆ. ನನ್ನ ಕಣ್ಣು ನಿಂತಿದ್ದು ಇನ್ನೊಂದು ಅಂಕಿಯ ಮೇಲೆ: ಸರಾಸರಿ ಸಹಸಂಬಂಧ 0.40 ಇದ್ದದ್ದು 0.20ಕ್ಕೆ ಇಳಿದಿತ್ತು.

ಯಾಕೆ ಇಳಿಯುತ್ತದೆ? ನಮ್ಮ 30 ತೋಟಗಳಿಗೇ ಬನ್ನಿ. ಅಷ್ಟು ತೋಟಗಳಲ್ಲಿ 0.05ರ ಗೆರೆ ದಾಟಬೇಕಾದರೆ ಸಹಸಂಬಂಧ ಕನಿಷ್ಠ 0.36 ಇರಬೇಕು. ನಿಜವಾದದ್ದು 0.25 ಅಂದುಕೊಳ್ಳಿ. ಆಗ ಗೆರೆ ದಾಟುವ ಪ್ರತಿ ಚಿಕ್ಕ ಅಧ್ಯಯನವೂ ನಿಜಕ್ಕಿಂತ ದೊಡ್ಡ ಅಂಕಿಯನ್ನೇ ತೋರಿಸಿರುತ್ತದೆ. ಗೆರೆ ದಾಟಿದವು ಮಾತ್ರ ಅಚ್ಚಾದರೆ, ನಾವು ಓದುವ ಮೂಲಗಳೆಲ್ಲ ಉಬ್ಬಿದವೇ. ಇಲ್ಲಿ ಯಾರೂ ಸುಳ್ಳು ಹೇಳಬೇಕಾಗಿಲ್ಲ. ದೊಡ್ಡಪ್ಪನಿಗೆ ನಾನು ಹೇಳಿದ್ದು ಇದನ್ನೇ. ಎರಡನ್ನೂ ಸೇರಿಸಿ ಸರಾಸರಿ ತೆಗೆದರೆ 0.28 ಬರುತ್ತದೆ, ಪಿ ಮೌಲ್ಯ 0.003. ನೋಡಲು ಚೆನ್ನಾಗಿದೆ, ಆದರೆ ಉಬ್ಬಿದ ಅಂಕಿಯೂ ಅದರೊಳಗೆ ಸೇರಿದೆ. ನಾನಾದರೆ ಮರು ಅಧ್ಯಯನದ 0.20ನ್ನೇ ಜಾಸ್ತಿ ನಂಬುತ್ತೇನೆ.

ಕೊನೆಗೆ ಸಂಶೋಧಕ ಸೈಮನ್‌ಸನ್ 2015ರಲ್ಲಿ ಕೊಟ್ಟ ದಾರಿ. ಅವರು ಕೇಳುವುದು: ಮೂಲ ಅಧ್ಯಯನ ತನ್ನ ಗಾತ್ರದಲ್ಲಿ ಕಾಣಲು ಸಾಧ್ಯವಿದ್ದ ಪರಿಣಾಮವೇ ಇದು? ಚಿಕ್ಕ ದೂರದರ್ಶಕದಲ್ಲಿ ಕಂಡೆ ಅಂದ ಗ್ರಹ ದೊಡ್ಡದರಲ್ಲಿ ಕಾಣದಿದ್ದರೆ ಅನುಮಾನ ಬರುವಂತೆ. ಮೂಲಕ್ಕೆ 33% ಮಾತ್ರ ಪವರ್ (ಪರಿಣಾಮ ನಿಜಕ್ಕೂ ಇದ್ದಾಗ ಅಧ್ಯಯನ ಗೆರೆ ದಾಟುವ ಸಂಭವ) ಇರುವ ಪರಿಣಾಮ ಎಷ್ಟು ಅಂತ ಹುಡುಕಬೇಕು. 30 ತೋಟಗಳಿಗೆ ಅದು ಸುಮಾರು 0.28. ಮರು ಅಧ್ಯಯನದ 90% ಇಂಟರ್ವಲ್ ಇದಕ್ಕಿಂತ ಪೂರ್ತಿ ಕೆಳಗಿದ್ದರೆ, ಮೂಲಕ್ಕೆ ಅದನ್ನು ನೋಡುವ ಶಕ್ತಿ ಇರಲಿಲ್ಲ ಅನ್ನಬಹುದು. ನಮ್ಮದು 0.02ರಿಂದ 0.37. ಮೇಲಿನ ತುದಿ 0.28ನ್ನು ದಾಟಿದೆ, ಹಾಗಾಗಿ ಹಾಗೆ ಹೇಳಲಾಗದು. ಇದಕ್ಕೆ ಮೂಲದ ಎರಡೂವರೆ ಪಟ್ಟು ಮಾದರಿ ಬೇಕು ಅನ್ನುತ್ತಾರೆ ಸೈಮನ್‌ಸನ್. 30ಕ್ಕೆ 75. ನಮ್ಮಲ್ಲಿ 80 ಇದ್ದೂ ಉತ್ತರ ಸಿಗಲಿಲ್ಲ.