ನಗದು ಚಕ್ರ: ಲಾಭ ಇದ್ದರೂ ಗಲ್ಲಾ ಖಾಲಿ ಯಾಕೆ?

ಆಡಿಟರ್ ಲೆಕ್ಕ ಮುಗಿಸಿ, ಈ ವರ್ಷ ಏಳು ಲಕ್ಷ ಲಾಭ ಅಂತ ತೋರಿಸುತ್ತಾರೆ. ಅದೇ ವಾರ ಮಂಡಕ್ಕಿ ಭಟ್ಟಿ ಯಜಮಾನರು ಕೂಲಿ ಬಟವಾಡೆಗೆ ರೊಕ್ಕ ಸಾಲದೆ ದಾವಣಗೆರೆಯ ಮಂಡಿಪೇಟೆಯಲ್ಲಿ ಯಾರ ಹತ್ತಿರವೋ ಕೈಗಡ ಕೇಳುತ್ತಿರುತ್ತಾರೆ. ಎರಡೂ ನಿಜ. ಆಡಿಟರ್ ತಪ್ಪು ಬರೆದಿಲ್ಲ, ಯಜಮಾನರು ದುಂದುವೆಚ್ಚ ಮಾಡಿಲ್ಲ. ಲಾಭ ಎಷ್ಟು ಅನ್ನೋದನ್ನು ಆಡಿಟರ್ ಹೇಳಿದ್ದಾರೆ, ಅದು ಯಾವಾಗ ಕೈಗೆ ಬರುತ್ತೆ ಅನ್ನೋದು ಅವರ ಲೆಕ್ಕದಲ್ಲಿಲ್ಲ. ಆ 'ಯಾವಾಗ' ಅನ್ನೋದನ್ನು ದಿನಗಳಲ್ಲಿ ಅಳೆಯುವ ಲೆಕ್ಕವೇ ನಗದು ಚಕ್ರ. ಎಂಬಿಎ, ಎಂಕಾಂ ಪಠ್ಯದಲ್ಲಿ ಕ್ಯಾಶ್ ಕನ್ವರ್ಷನ್ ಸೈಕಲ್ ಅಂತ ಬರುತ್ತದಲ್ಲ, ಅದೇ ಇದು. ಮಾಲಿಗೆ ನಾವು ದುಡ್ಡು ಕೊಟ್ಟ ದಿನದಿಂದ ಆ ಮಾಲಿನ ದುಡ್ಡು ಗಿರಾಕಿಯಿಂದ ನಮಗೆ ತಿರುಗಿ ಬರುವ ದಿನದವರೆಗಿನ ಅಂತರ.

ಈ ಲೆಕ್ಕವನ್ನು 1980ರಲ್ಲಿ ವರ್ಲಿನ್ ರಿಚರ್ಡ್ಸ್ ಮತ್ತು ಯೂಜಿನ್ ಲಾಫ್ಲಿನ್ ಎಂಬ ಇಬ್ಬರು ಸಂಶೋಧಕರು ಅಮೆರಿಕದಲ್ಲಿ ಒಂದು ಪ್ರಬಂಧವಾಗಿ ಮಂಡಿಸಿದರು. ಅಲ್ಲಿಯವರೆಗೆ ವ್ಯಾಪಾರಕ್ಕೆ ತನ್ನ ಬಾಕಿ ತೀರಿಸುವ ಶಕ್ತಿ ಎಷ್ಟಿದೆ ಅಂತ ನೋಡೋಕೆ ಹೆಚ್ಚಾಗಿ ಬಳಕೆಯಲ್ಲಿದ್ದದ್ದು ಕರೆಂಟ್ ರೇಷಿಯೊ: ಒಂದು ರೂಪಾಯಿ ಬಾಕಿಗೆ ಎರಡು ರೂಪಾಯಿ ಚಾಲ್ತಿ ಆಸ್ತಿ ಇದ್ದರೆ ಕ್ಷೇಮ ಅನ್ನುವ ಲೆಕ್ಕ. ಆದರೆ ಗೋಡೌನಿನಲ್ಲಿ ಕೂತ ಹಳೇ ಮಾಲು, ವಸೂಲಾಗದ ಉದ್ರಿ ಎರಡೂ ಆ ಎರಡು ರೂಪಾಯಿಯೊಳಗೇ ಸೇರಿಕೊಂಡಿರುತ್ತವೆ. ಉದ್ರಿ ಹೆಚ್ಚಾದಷ್ಟೂ ರೇಷಿಯೊ ಚೆನ್ನಾಗಿ ಕಾಣುತ್ತೆ! ಅದಕ್ಕೇ ಅವರು ರೂಪಾಯಿ ಬಿಟ್ಟು ದಿನ ಎಣಿಸೋಣ ಅಂದರು.

ಲೆಕ್ಕ ಮೂರು ತುಂಡಿನದು. ದಾವಣಗೆರೆಯ ಮಂಡಕ್ಕಿ ಭಟ್ಟಿಯೊಂದನ್ನು ಊಹಿಸಿಕೊಳ್ಳಿ, ಅಂಕಿಗಳು ಉದಾಹರಣೆಗೆ ಮಾತ್ರ. ದಿನಕ್ಕೆ 20,000 ರೂಪಾಯಿ ಮಾರಾಟ, ವರ್ಷಕ್ಕೆ 73 ಲಕ್ಷ. ಭತ್ತ, ಉರುವಲು, ಕೂಲಿ ಎಲ್ಲ ಸೇರಿ ದಿನದ ಖರ್ಚು 18,000. ಭತ್ತ ತಂದು ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿಸಿ, ಉಪ್ಪುನೀರು ಹಿಡಿಸಿ, ಕಾದ ಮರಳಿನಲ್ಲಿ ಹುರಿದು ಚೀಲಕ್ಕೆ ತುಂಬುವಷ್ಟರಲ್ಲಿ ಒಂದಲ್ಲ ಒಂದು ರೂಪದಲ್ಲಿ 5.4 ಲಕ್ಷದ ಮಾಲು ಯಾವಾಗಲೂ ಭಟ್ಟಿಯಲ್ಲೇ ಇರುತ್ತೆ. 5.4 ಲಕ್ಷವನ್ನು 18,000ದಿಂದ ಭಾಗಿಸಿದರೆ 30 ದಿನ. ಇದು ಮಾಲಿನ ದಿನ. ಅಂಗಡಿಗಳಿಂದ ಬರಬೇಕಾದ ಉದ್ರಿ 8 ಲಕ್ಷ. ಅದನ್ನು ದಿನದ ಮಾರಾಟ 20,000ದಿಂದ ಭಾಗಿಸಿದರೆ 40 ದಿನ. ಇದು ಉದ್ರಿಯ ದಿನ. ಭತ್ತದ ದಲಾಲರಿಗೆ ಯಜಮಾನರು ಉಳಿಸಿಕೊಂಡ ಬಾಕಿ 1.8 ಲಕ್ಷ, ಅಂದರೆ 10 ದಿನ. ಇದು ಬಾಕಿಯ ದಿನ. ಮೊದಲ ಎರಡನ್ನು ಕೂಡಿಸಿ ಮೂರನೆಯದನ್ನು ಕಳೆಯಿರಿ: 30, 40 ಸೇರಿ 70, ಅದರಲ್ಲಿ 10 ಹೋದರೆ 60. ಈ ಭಟ್ಟಿಯ ನಗದು ಚಕ್ರ ಎರಡು ತಿಂಗಳು.

ಎರಡು ತಿಂಗಳು ಅಂದರೆ ದುಡ್ಡಿನಲ್ಲಿ ಎಷ್ಟು? 5.4 ಮತ್ತು 8 ಕೂಡಿಸಿ 1.8 ಕಳೆದರೆ 11.6 ಲಕ್ಷ. ಇಷ್ಟು ಹಣ ಸದಾ ವ್ಯಾಪಾರದೊಳಗೇ ಸಿಕ್ಕಿಕೊಂಡಿರಬೇಕು. ಬಡ್ಡಿ ಕಳೆಯುವ ಮೊದಲಿನ ವರ್ಷದ ಲಾಭ 7.3 ಲಕ್ಷ. ಅಂದರೆ ಒಂದೂವರೆ ವರ್ಷದ ಲಾಭಕ್ಕೂ ಹೆಚ್ಚು ಹಣ ಚೀಲದಲ್ಲೋ ಬೇರೆಯವರ ಅಂಗಡಿಯಲ್ಲೋ ಇದೆ.

ಇನ್ನು, ವ್ಯಾಪಾರ ದುಪ್ಪಟ್ಟಾಯಿತು ಅಂದುಕೊಳ್ಳಿ. ಹರಿಹರ, ಜಗಳೂರು ಕಡೆಯ ಅಂಗಡಿಗಳೂ ಮಾಲು ಕೇಳಿದವು, ಯಜಮಾನರು ಖುಷಿಯಾಗಿ ಒಪ್ಪಿಕೊಂಡರು. ಚಕ್ರ ಅದೇ 60 ದಿನ ಇದ್ದರೆ ಈಗ ಬೇಕಾಗುವುದು 23.2 ಲಕ್ಷ. ಹೆಚ್ಚುವರಿ 11.6 ಲಕ್ಷ ಎಲ್ಲಿಂದ? ಹಿಂದಿನ ವರ್ಷದ ಲಾಭ ಪೂರ್ತಿ ಹಾಕಿದರೂ ನಾಲ್ಕು ಲಕ್ಷದ ಮೇಲೆ ಕಡಿಮೆ ಬೀಳುತ್ತೆ. ವ್ಯಾಪಾರ ನೆಲ ಕಚ್ಚಿದಾಗ ಮುಳುಗಿದವರನ್ನು ಎಲ್ಲರೂ ಗುರುತಿಸುತ್ತಾರೆ. ವ್ಯಾಪಾರ ಜೋರಾಗಿ ಬೆಳೆದ ವರ್ಷವೇ ಬಾಗಿಲು ಹಾಕಿದವರ ಬಗ್ಗೆ ಮಾತ್ರ ಊರಿನಲ್ಲಿ 'ಏನೋ ದುಶ್ಚಟ ಇದ್ದಿರಬೇಕು' ಅಂತ ಮಾತು ಹುಟ್ಟುತ್ತೆ. ಎಷ್ಟೋ ಸಲ ಚಟ ಏನೂ ಇರೋದಿಲ್ಲ, 60 ದಿನಕ್ಕೆ ಬೇಕಾದ ಹಣ ಇರೋದಿಲ್ಲ ಅಷ್ಟೆ.

ಮೂರು ತುಂಡಿನಲ್ಲಿ ಯಜಮಾನರ ಕೈಗೆ ಸಿಗದೆ ಜಾರೋದು ಉದ್ರಿಯದೇ. ಮಾಲಿನ ಗಾಡಿ ಅಂಗಡಿ ಮುಂದೆ ನಿಂತಿರುತ್ತೆ, ಅಂಗಡಿಯವರು ಒಳಗಿಂದಲೇ, "ಹೊಸಾದು ಇಳಿಸ್ರಿ ಯಜಮಾನ್ರೇ, ಹಳೇದು ಮುಂದಿನ ವಾರ ನೋಡಾಣ" ಅಂತಾರೆ. ಇಳಿಸದೆ ಗಾಡಿ ತಿರುಗಿಸಿದರೆ ಪಕ್ಕದ ಭಟ್ಟಿಯವರು ಇಳಿಸಿ ಹೋಗ್ತಾರೆ. ಹಾಗಾಗಿ ಉದ್ರಿ ಅನ್ನೋದು ಬರೀ ಸಡಿಲತನ ಅಲ್ಲ, ಅದು ಮಾರಾಟದ ಬೆಲೆಯ ಒಂದು ಭಾಗ. ಆ ಬೆಲೆ ಎಷ್ಟು ಅಂತ ಲೆಕ್ಕ ಹಾಕಿದವರು ಕಡಿಮೆ. ನಮ್ಮ ಉದಾಹರಣೆಯ ಭಟ್ಟಿ ಉದ್ರಿಯನ್ನು 40 ದಿನದಿಂದ 25ಕ್ಕೆ ಇಳಿಸಿದರೆ 3 ಲಕ್ಷ ಬಿಡುಗಡೆ ಆಗುತ್ತೆ. ಅಷ್ಟು ಹಣವನ್ನು ನೂರಕ್ಕೆ ತಿಂಗಳಿಗೆ ಎರಡು ರೂಪಾಯಿಯಂತೆ ಕೈಸಾಲ ತಂದಿದ್ದರೆ ವರ್ಷಕ್ಕೆ 72,000 ಬಡ್ಡಿ ಉಳಿಯಿತು. ಒಂದು ಚೀಲವೂ ಹೆಚ್ಚು ಮಾರದೆ ಬಂದ ಲಾಭ ಅದು.

ಮೂರನೇ ತುಂಡು, ಬಾಕಿಯ ದಿನ, ಸ್ವಲ್ಪ ಮುಜುಗರದ್ದು. ನಾವು ಕೊಡುವುದನ್ನು ತಡಮಾಡಿದಷ್ಟೂ ನಮ್ಮ ಚಕ್ರ ಚಿಕ್ಕದಾಗುತ್ತೆ ಅಂತ ಪಠ್ಯಪುಸ್ತಕ ಹೇಳುತ್ತೆ. ಆದರೆ ನಾವು ಉಳಿಸಿದ ಬಾಕಿ ಇನ್ನೊಬ್ಬರ ಉದ್ರಿ ಅಲ್ಲವೆ? ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರಿನ ನೇಕಾರರನ್ನು ನೋಡಿ. ರೇಷ್ಮೆ ನೂಲಿಗೆ, ಜರಿಗೆ ದುಡ್ಡು ಮೊದಲೇ ಹೋಗುತ್ತೆ. ಸೀರೆ ಮಗ್ಗದ ಮೇಲೆ ದಿನಗಟ್ಟಲೆ ಕೂರುತ್ತೆ. ಸಿದ್ಧವಾದದ್ದನ್ನು ಪೇಟೆಯ ದೊಡ್ಡ ಅಂಗಡಿ 'ಮಾರಿದ ಮೇಲೆ ಕೊಡ್ತೀವಿ' ಅಂತ ಇಟ್ಟುಕೊಂಡರೆ, ಅಂಗಡಿಯ ಚಕ್ರ ಸೊನ್ನೆಗೆ ಇಳಿಯುತ್ತೆ, ನೇಕಾರರದು ಉದ್ದವಾಗುತ್ತೆ. ದೊಡ್ಡವರ ದಕ್ಷತೆ ಅಂತ ವರದಿಗಳಲ್ಲಿ ಹೊಗಳಿಸಿಕೊಳ್ಳುವ ಅಂಕಿಯ ಹಿಂದೆ ಎಷ್ಟೋ ಸಲ ಸಣ್ಣವರ ಕಾಯುವಿಕೆ ಇರುತ್ತೆ. ಸಂಶೋಧನೆಯಲ್ಲಿ ಇದನ್ನು ಒಂದೇ ಕಂಪನಿಯ ಲೆಕ್ಕವಾಗಿ ನೋಡೋದು ನನಗೆ ಅರ್ಧ ಕೆಲಸ ಅನಿಸುತ್ತೆ.

ಇದಕ್ಕೆ ಕಾನೂನು ಇದೆ. 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ದಿಮೆ) ಅಭಿವೃದ್ಧಿ ಕಾಯ್ದೆ ಪ್ರಕಾರ ಸಣ್ಣ ಉದ್ದಿಮೆಯಿಂದ ಮಾಲು ತೆಗೆದುಕೊಂಡವರು ಬರಹದ ಒಪ್ಪಂದ ಇದ್ದರೂ 45 ದಿನ ಮೀರುವಂತಿಲ್ಲ, ಒಪ್ಪಂದ ಇಲ್ಲದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. 2023ರ ಹಣಕಾಸು ಕಾಯ್ದೆ ಇದಕ್ಕೆ ಆದಾಯ ತೆರಿಗೆಯ ಬಿಗಿಯನ್ನೂ ಸೇರಿಸಿತು: ಗಡುವು ಮೀರಿ ಬಾಕಿ ಉಳಿದ ಖರ್ಚನ್ನು ಕೊಂಡವರು ಆ ವರ್ಷದ ತೆರಿಗೆ ಲೆಕ್ಕದಲ್ಲಿ ಕಳೆದುಕೊಳ್ಳುವಂತಿಲ್ಲ, ದುಡ್ಡು ಕೊಟ್ಟ ವರ್ಷವೇ ಕಳೆಯಬೇಕು. ಕಾಗದದ ಮೇಲೆ ಬಲವಾದ ಕಾನೂನು. ಬೀದಿಯಲ್ಲಿ ಮಾತ್ರ, ನಾಳೆಯೂ ಮಾಲು ಹಾಕಬೇಕಾದ ಅಂಗಡಿಯ ಮೇಲೆ ಭಟ್ಟಿಯವರು ದೂರು ಕೊಡ್ತಾರೆಯೇ?

ಎಲ್ಲರ ಚಕ್ರವೂ ಹೀಗೆ ಎಳೆದಾಡೋದಿಲ್ಲ. ಬೆಣ್ಣೆ ದೋಸೆ ಹೋಟೆಲಿನಲ್ಲಿ ಬೆಳಿಗ್ಗೆ ರುಬ್ಬಿಟ್ಟ ಹಿಟ್ಟು ಮಧ್ಯಾಹ್ನದೊಳಗೆ ದುಡ್ಡಾಗುತ್ತೆ. ದೋಸೆ ತಿಂದವರು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿಯೇ ಎದ್ದು ಹೋಗ್ತಾರೆ. ಬೆಣ್ಣೆಯವರಿಗೆ, ಕಿರಾಣಿಯವರಿಗೆ ವಾರಕ್ಕೊಮ್ಮೆ ಕೊಟ್ಟರೆ ಚಕ್ರ ಸೊನ್ನೆಗಿಂತ ಕೆಳಗೆ ಹೋಗುತ್ತೆ. ಅಂದರೆ ಬೇರೆಯವರ ದುಡ್ಡಿನಲ್ಲೇ ಹೋಟೆಲ್ ನಡೆಯುತ್ತೆ.

ವಿಮೆ ಇನ್ನೂ ಒಂದು ಹೆಜ್ಜೆ ಮುಂದೆ. 1938ರ ವಿಮಾ ಕಾಯ್ದೆಯ 64ವಿಬಿ ಕಲಂ ಪ್ರಕಾರ ಪ್ರೀಮಿಯಂ ಮುಂಗಡ ಬಾರದೆ ಕಂಪನಿ ಅಪಾಯವನ್ನು ಹೊರುವಂತಿಲ್ಲ. ಉದ್ರಿ ಬೇಡ ಅಂತ ಕಾನೂನೇ ಹೇಳಿದ ವ್ಯಾಪಾರ ಇದು! ದುಡ್ಡು ಮೊದಲು ಬರುತ್ತೆ, ಕ್ಲೇಮು ಆಮೇಲೆ. ಬ್ಯಾಂಕಿಗಂತೂ ದುಡ್ಡೇ ಮಾಲು. ಹಾಗಾಗಿ ಬ್ಯಾಂಕು, ವಿಮಾ ಕಂಪನಿಗಳ ಸಾಧನೆ ಅಳೆಯೋಕೆ ಈ ಚಕ್ರ ಹೊಂದೋದಿಲ್ಲ. ಅಲ್ಲಿ ಎನ್‌ಪಿಎ (ವಸೂಲಿ ನಿಂತ ಸಾಲ), ಬಡ್ಡಿ ಅಂತರ, ಕ್ಲೇಮ್ ಅನುಪಾತ ಇಂಥವು ಬೇರೆ ಇವೆ.

ಆದರೆ ಸಣ್ಣ ಉದ್ದಿಮೆಗೆ ಸಾಲ ಕೊಡುವಾಗ ಬ್ಯಾಂಕು ನೋಡೋದು ಇದೇ ಚಕ್ರವನ್ನು. 1992ರಲ್ಲಿ ವರದಿ ಕೊಟ್ಟ, ರಿಸರ್ವ್ ಬ್ಯಾಂಕ್ ನೇಮಿಸಿದ್ದ ಪಿ. ಆರ್. ನಾಯಕ್ ಸಮಿತಿಯ ಸೂತ್ರ ಈಗಲೂ ಚಾಲ್ತಿಯಲ್ಲಿದೆ: ಅಂದಾಜು ವಾರ್ಷಿಕ ವಹಿವಾಟಿನ ಶೇ. 25 ದುಡಿಯುವ ಬಂಡವಾಳ ಬೇಕು, ಅದರಲ್ಲಿ ವಹಿವಾಟಿನ ಶೇ. 20 ಬ್ಯಾಂಕಿನದು, ಶೇ. 5 ಮಾಲೀಕರದು. ಶೇ. 25 ಅಂದರೆ ವರ್ಷದ ಕಾಲುಭಾಗ, ಅಂದರೆ ಮೂರು ತಿಂಗಳ ಚಕ್ರ ಅಂತ ಸಮಿತಿ ಎಣಿಸಿಕೊಂಡಿದೆ. ನಮ್ಮ ಭಟ್ಟಿಗೆ ಇದು 14.6 ಲಕ್ಷದ ಸಿಸಿ (ಕ್ಯಾಶ್ ಕ್ರೆಡಿಟ್ ಸಾಲ) ಮಿತಿ, ಬೇಕಾದ್ದಕ್ಕಿಂತ ಹೆಚ್ಚೇ. ಸುಗ್ಗಿಯಲ್ಲೇ ವರ್ಷದ ಮಾಲು ಕೊಳ್ಳಬೇಕಾದ ಗಿರಣಿಗೆ ಇದು ಸಾಲದು. ಶೇ. 20 ಕನಿಷ್ಠ ಮಿತಿ, ಚಕ್ರ ಉದ್ದ ಇದ್ದರೆ ಹೆಚ್ಚು ಕೊಡಬಹುದು ಅಂತ ನಿಯಮವೇ ಹೇಳುತ್ತೆ, ಆದರೆ ಚಕ್ರ ಉದ್ದ ಇದೆ ಅಂತ ತೋರಿಸುವ ಲೆಕ್ಕ ಮಾಲೀಕರ ಕೈಯಲ್ಲಿರಬೇಕು. ಮಿತಿ ಸಿಕ್ಕ ಮೇಲೂ ಎಷ್ಟು ತೆಗೆಯಬಹುದು ಅನ್ನೋದು ಮಾಲು, ಉದ್ರಿ ಎಷ್ಟಿದೆ ಅಂತ ಬ್ಯಾಂಕಿಗೆ ಕೊಡುವ ತಿಂಗಳ ಸ್ಟಾಕ್ ಸ್ಟೇಟ್‌ಮೆಂಟ್ ಮೇಲೆ ನಿಂತಿದೆ. 90 ದಿನ ದಾಟಿದ ಉದ್ರಿಯನ್ನು ಸಾಮಾನ್ಯವಾಗಿ ಬ್ಯಾಂಕು ಲೆಕ್ಕಕ್ಕೆ ಹಿಡಿಯೋದಿಲ್ಲ. ಸಿಸಿ ಖಾತೆಗೆ 90 ದಿನ ಜಮಾನೇ ಆಗದಿದ್ದರೆ ಅದು ಎನ್‌ಪಿಎ ಪಟ್ಟಿಗೆ ಸೇರುತ್ತೆ.

ಸುಗ್ಗಿಯ ಗಿರಣಿ ಅಂದೆನಲ್ಲ, ಎಣ್ಣೆ ನಗರಿ ಅಂತ ಹೆಸರಾದ ಚಳ್ಳಕೆರೆಗೆ ಬನ್ನಿ. ಮುಂಗಾರಿನ ಶೇಂಗಾ ಅಕ್ಟೋಬರ್, ನವೆಂಬರ್‌ನಲ್ಲಿ ಕೀಳುತ್ತಾರೆ. ದಿನಕ್ಕೆ 50,000 ರೂಪಾಯಿ ಖರ್ಚಿನ ಗಿರಣಿಯಲ್ಲಿ ನವೆಂಬರ್ ಕೊನೆಗೆ 60 ಲಕ್ಷದ ಮಾಲು, ಮಾರ್ಚ್ 31ಕ್ಕೆ 25 ಲಕ್ಷ, ಸೆಪ್ಟೆಂಬರ್‌ನಲ್ಲಿ 4 ಲಕ್ಷ ಅಂತ ಇಟ್ಟುಕೊಳ್ಳೋಣ. ಮಾಲಿನ ದಿನ ಕ್ರಮವಾಗಿ 120, 50, 8. ಒಂದೇ ಗಿರಣಿ, ಮೂರು ಉತ್ತರ. ಮಾರ್ಚ್ 31ರ ಬ್ಯಾಲೆನ್ಸ್ ಶೀಟ್ ಹಿಡಿದವರಿಗೆ ಸಿಗೋದು 50 ಮಾತ್ರ.

ವಿಮೆಯಲ್ಲೂ ಇದೇ ತಪ್ಪು ಸುಡುತ್ತೆ. ಮಾರ್ಚ್‌ನ ಮಾಲು ನೋಡಿ 30 ಲಕ್ಷಕ್ಕೆ ವಿಮೆ ಮಾಡಿಸಿದ ಗೋಡೌನಿನಲ್ಲಿ 60 ಲಕ್ಷದ ಮಾಲಿದ್ದಾಗ ಬೆಂಕಿ ಬಿದ್ದು 20 ಲಕ್ಷದ್ದು ಸುಟ್ಟರೆ, ಸರಾಸರಿ ನಿಯಮದಂತೆ ಸಿಗೋದು 10 ಲಕ್ಷ. ಅರ್ಧಕ್ಕೆ ವಿಮೆ, ಅರ್ಧ ಪರಿಹಾರ. ಒಂದು ಜಾಗದಲ್ಲಿ 5 ಕೋಟಿಯೊಳಗಿನ ಆಸ್ತಿಗೆ 2021ರ ಏಪ್ರಿಲ್‌ನಿಂದ ಇರುವ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಪಾಲಿಸಿಯಲ್ಲಿ ಶೇ. 15ರವರೆಗಿನ ಕೊರತೆಗೆ ವಿನಾಯಿತಿ ಇದೆ, ಶೇ. 50ಕ್ಕೆ ಇಲ್ಲ. ಸುಗ್ಗಿ ತಿಂಗಳ ಮಾಲು ನೋಡಿ ವಿಮೆ ಮಾಡಿಸಬೇಕು, ಇಲ್ಲವೇ ಏರಿಳಿತದ ಮಾಲಿಗೆಂದೇ ಇರುವ ಡಿಕ್ಲರೇಶನ್ ಪಾಲಿಸಿ ಬಗ್ಗೆ ವಿಚಾರಿಸಬೇಕು.

ಈ ಚಕ್ರಕ್ಕೂ ಲಾಭಕ್ಕೂ ಏನು ಸಂಬಂಧ ಅಂತ ನೋಡಿದ ಅಧ್ಯಯನಗಳು ರಾಶಿ ಇವೆ. 2003ರಲ್ಲಿ ಮಾರ್ಕ್ ಡೆಲೂಫ್ ಬೆಲ್ಜಿಯಂನ ಸಾವಿರಕ್ಕೂ ಹೆಚ್ಚು ಕಂಪನಿಗಳ ಲೆಕ್ಕ ನೋಡಿ, ಮಾಲಿನ ದಿನ, ಉದ್ರಿಯ ದಿನ ಹೆಚ್ಚಿದ್ದಲ್ಲಿ ಲಾಭ ಕಡಿಮೆ ಅಂತ ಕಂಡುಕೊಂಡರು. ಸ್ಪೇನಿನ ಸಣ್ಣ, ಮಧ್ಯಮ ಉದ್ದಿಮೆಗಳ ಮೇಲಿನ 2007ರ ಅಧ್ಯಯನವೂ ಚಕ್ರ ಚಿಕ್ಕದಾದರೆ ಲಾಭ ಹೆಚ್ಚು ಅಂದಿತು. ಡೆಲೂಫ್ ಅವರಿಗೆ ಸಿಕ್ಕ ಇನ್ನೊಂದು ಉತ್ತರ ತಮಾಷೆಯದು: ಬಾಕಿಯ ದಿನ ಹೆಚ್ಚಿದ್ದಲ್ಲೂ ಲಾಭ ಕಡಿಮೆಯೇ. ಸೂತ್ರದ ಪ್ರಕಾರ ತಡವಾಗಿ ಕೊಟ್ಟವರಿಗೆ ಅನುಕೂಲ ಆಗಬೇಕಿತ್ತಲ್ಲ? ಅವರ ವಿವರಣೆ ಸರಳ. ತಡವಾಗಿ ಕೊಟ್ಟದ್ದರಿಂದ ಲಾಭ ಇಳಿದದ್ದಲ್ಲ, ಲಾಭ ಇಳಿದವರೇ ತಡವಾಗಿ ಕೊಡುತ್ತಾರೆ. ಮಂಡಿಪೇಟೆಯ ಯಾವ ದಲಾಲರನ್ನು ಕೇಳಿದ್ದರೂ ಇದನ್ನು ಹೇಳುತ್ತಿದ್ದರು ಅನ್ನಿ.

ದಾವಣಗೆರೆ ವಿಶ್ವವಿದ್ಯಾನಿಲಯದ ಶಿವಗಂಗೋತ್ರಿ ಇರಲಿ, ಬೇರೆ ಕಾಲೇಜಿರಲಿ, ಪ್ರಾಜೆಕ್ಟ್ ಬರೆಯುವ ವಿದ್ಯಾರ್ಥಿಗಳಿಗೆ ನನ್ನ ಮಾತು ಇಷ್ಟೇ: ನಮ್ಮ ಭಾಗದ ಗಿರಣಿ, ಭಟ್ಟಿಗಳಿಗೆ ಐದು ವರ್ಷದ ಮಾರ್ಚ್ 31ರ ಅಂಕಿ ಸಾಲದು, ಹನ್ನೆರಡು ತಿಂಗಳ ಸ್ಟಾಕ್ ಸ್ಟೇಟ್‌ಮೆಂಟ್ ಕೇಳಿ. ಕೊಡದಿದ್ದರೆ ಗೋಡೌನಿನ ಹಮಾಲರನ್ನು, ಗುಮಾಸ್ತರನ್ನು ಕೇಳಿ. ಚೀಲ ಎಲ್ಲಿಯವರೆಗೆ ಏರಿತ್ತು ಅಂತ ಅವರಿಗೆ ಗೊತ್ತಿರುತ್ತೆ. ಉದ್ರಿ ಪುಸ್ತಕ ನೋಡಲು ಬಿಟ್ಟರೆ ಒಟ್ಟು ಮೊತ್ತ ಬರೆದುಕೊಂಡು ಬರಬೇಡಿ. ತಿಂಗಳೊಳಗಿನದು ಎಷ್ಟು, ಮೂರು ತಿಂಗಳು ದಾಟಿದ್ದು ಎಷ್ಟು, ದೀಪಾವಳಿಗೆ ಹೊಸ ಪುಸ್ತಕ ಪೂಜೆ ಮಾಡುವಾಗ ಹಳೇ ಪುಸ್ತಕದಿಂದ ಹೊತ್ತು ತಂದದ್ದು ಎಷ್ಟು ಅಂತ ಬೇರೆ ಬೇರೆ ಬರೆದುಕೊಳ್ಳಿ. ಎರಡು ದೀಪಾವಳಿ ದಾಟಿದ ಹೆಸರುಗಳನ್ನು ಉದ್ರಿಯ ದಿನಕ್ಕೆ ಸೇರಿಸಬೇಡಿ, ನಷ್ಟದ ಸಾಲಿಗೆ ಹಾಕಿ.