ಮೂರು ಲಕ್ಷ ಜನರ ಸ್ಯಾಂಪಲ್, ಎಫ್ 30: ಇಷ್ಟಕ್ಕೇ ನಿಶ್ಚಿಂತೆಯಾ?

ಪ್ರಶ್ನೆ: ಓದಿನಿಂದ ಗಳಿಕೆ ಎಷ್ಟು ಏರುತ್ತದೆ ಎಂದು ಲೆಕ್ಕ ಹಾಕುತ್ತಿದ್ದೇನೆ. ಹಳ್ಳಿಯಿಂದ ಕಾಲೇಜಿಗೆ ಇರುವ ದೂರವೇ ಓದಿನ ಮೂಲಕ ಮಾತ್ರ ಗಳಿಕೆಯನ್ನು ಮುಟ್ಟುತ್ತದೆ ಎಂದು ನಾನು ನಂಬಿರುವ ಹೊರಗಿನ ಅಂಶ, ಅಂದರೆ ಇನ್‌ಸ್ಟ್ರುಮೆಂಟ್. ಮೂರು ಲಕ್ಷ ಜನರ ಡೇಟಾ, ಮೊದಲ ಹಂತದ ಎಫ್ (ದೂರಕ್ಕೂ ಓದಿಗೂ ಇರುವ ನಂಟಿನ ಬಲ ಅಳೆಯುವ ಅಂಕಿ) 30. ಹತ್ತು ದಾಟಿತಲ್ಲ ಸರ್, ಇನ್ನು ಚಿಂತೆ ಇಲ್ಲ ಅಲ್ವಾ?

ಈ ‘ಹತ್ತು ದಾಟಿತಲ್ಲ’ ಅನ್ನೋ ಮಾತನ್ನು ಮೈಸೂರಿನಲ್ಲಿ ಪಾಠ ಶುರು ಮಾಡಿದಾಗಿನಿಂದ ಕೇಳುತ್ತಿದ್ದೇನೆ. ಮತ್ತೊಮ್ಮೆ ಹೇಳುತ್ತೇನೆ, ಪೆನ್ನು ಹಿಡಿದು ಕೂತು ಓದಿ.

ಆ ಹತ್ತು 1997ರಲ್ಲಿ ಅರ್ಥಶಾಸ್ತ್ರಜ್ಞರಾದ ಸ್ಟೈಗರ್ ಮತ್ತು ಸ್ಟಾಕ್ ಕೊಟ್ಟ ಅಂದಾಜು ಗಡಿ. ದೂರಕ್ಕೂ ಓದಿಗೂ ಇರುವ ನಂಟು ಡೇಟಾದ ಗದ್ದಲದ (ಆಕಸ್ಮಿಕ ಏರಿಳಿತದ) ನಡುವೆ ಕಾಣುತ್ತದೆಯೇ ಎಂಬುದಷ್ಟೇ ಅದರ ವಿಷಯ. ನಿಮ್ಮ ಎಫ್ ಸರಿಸುಮಾರು ಸ್ಯಾಂಪಲ್ ಗಾತ್ರ ಗುಣಿಸು ಭಾಗಶಃ ಆರ್-ಸ್ಕ್ವೇರ್. 3,00,000 × 0.0001 = 30. ಅಂದರೆ ಓದಿನ ಏರಿಳಿತದಲ್ಲಿ ಹತ್ತು ಸಾವಿರದಲ್ಲಿ ಒಂದು ಪಾಲನ್ನು ಮಾತ್ರ ದೂರ ವಿವರಿಸುತ್ತಿದೆ. ಮೂರು ಸಾವಿರ ಜನರಿದ್ದಿದ್ದರೆ ಇದೇ ಇನ್‌ಸ್ಟ್ರುಮೆಂಟಿನ ಎಫ್ ಒಂದರ ಆಸುಪಾಸು ಇರುತ್ತಿತ್ತು.

ಇದರಿಂದ ಏನಾಗುತ್ತದೆ? ಒಂದು ಕಿಲೋಮೀಟರ್ ದೂರ ಹೋದರೆ ಓದು 0.02 ವರ್ಷ ಕಡಿಮೆ ಅಂದುಕೊಳ್ಳಿ. ಕಾಲೇಜಿರುವ ಮಂಡ್ಯ ಪೇಟೆಗೆ ಹತ್ತಿರದ ಹಳ್ಳಿಯವರು ಬೆಳಗ್ಗೆ ಸೊಪ್ಪು ಕೊಯ್ದು ಎಂಟು ಗಂಟೆಯೊಳಗೆ ಮಾರಿಬಿಡುತ್ತಾರೆ. ಓದಿಗೂ ಇದಕ್ಕೂ ಸಂಬಂಧವೇ ಇಲ್ಲ. ಹೀಗೆ ದೂರ ಒಂದರಿಂದಲೇ ಕಿಲೋಮೀಟರಿಗೆ ಗಳಿಕೆ ಶೇ 0.2 ಕಡಿಮೆ ಅಂತಿಟ್ಟುಕೊಳ್ಳಿ. ಸಣ್ಣ ಸೋರಿಕೆ. ಆದರೆ ಈ ವಿಧಾನದಲ್ಲಿ ಗಳಿಕೆಯ ಬದಲಾವಣೆಯನ್ನು ಓದಿನ ಬದಲಾವಣೆಯಿಂದ ಭಾಗಿಸಬೇಕು, ಹಾಗಾಗಿ ನೀವು ಅದನ್ನೂ 0.02ರಿಂದ ಭಾಗಿಸುತ್ತೀರಿ. ಬಂತು ಶೇ 10! ಒಂದು ವರ್ಷದ ಓದಿಗೆ ನಿಜವಾಗಿ ಶೇ 7 ಏರಿಕೆ ಇದ್ದರೆ ನಿಮಗೆ ಶೇ 17 ಕಾಣುತ್ತದೆ. ಸ್ಯಾಂಪಲ್ಲನ್ನು ಹತ್ತು ಲಕ್ಷಕ್ಕೆ ಏರಿಸಿದರೂ 17ರ ಸುತ್ತಲೇ ನಿಲ್ಲುತ್ತದೆ, ಎಫ್ ಮಾತ್ರ 100 ಆಗುತ್ತದೆ.

ಎಫ್ 30 ಸುಳ್ಳಲ್ಲ. ಗದ್ದಲದಿಂದ ಬರುವ ವಾಲಿಕೆ (ಉತ್ತರ ಒಂದೇ ಕಡೆಗೆ ತಪ್ಪುವುದು) ಕಡಿಮೆ ಎಂದು ಅದು ಹೇಳುತ್ತದೆ. ಸೋರಿಕೆಯ ಬಗ್ಗೆ ಅದಕ್ಕೆ ಏನೂ ಗೊತ್ತಿಲ್ಲ. ಅಮೆರಿಕದಲ್ಲಿ, ವರ್ಷದ ಯಾವ ತ್ರೈಮಾಸಿಕದಲ್ಲಿ ಹುಟ್ಟಿದರು ಎಂಬುದನ್ನೇ ಓದಿಗೆ ಇನ್‌ಸ್ಟ್ರುಮೆಂಟ್ ಮಾಡಿಕೊಂಡ ಅಧ್ಯಯನವೊಂದಿತ್ತು, 3,29,000ಕ್ಕೂ ಜಾಸ್ತಿ ಜನರ ಡೇಟಾ. ನಂಟು ತೆಳುವಾಗಿದ್ದರೆ ಅಷ್ಟು ದೊಡ್ಡ ಸ್ಯಾಂಪಲ್ಲೂ ಕಾಪಾಡದು ಎಂದು 1995ರಲ್ಲಿ ಬೌಂಡ್, ಜೇಗರ್ ಮತ್ತು ಬೇಕರ್ ತೋರಿಸಿದರು. ಆದ್ದರಿಂದ ಎಫ್ ಜೊತೆ ಆ 0.02 ಮತ್ತು ಭಾಗಶಃ ಆರ್-ಸ್ಕ್ವೇರ್ ಎರಡನ್ನೂ ಬರೆಯಿರಿ.

ನೀವು ಕೇಳಲಿಲ್ಲ, ಆದರೂ ಹೇಳಲೇಬೇಕು. ಒಂದೇ ಹಳ್ಳಿಯವರಿಗೆಲ್ಲ ದೂರ ಒಂದೇ. ಹಾಗಿದ್ದ ಮೇಲೆ ನಿಮ್ಮ ಮೂರು ಲಕ್ಷ ನಿಜಕ್ಕೂ ಮೂರು ಲಕ್ಷವೇ? ಹಳ್ಳಿವಾರು ಕ್ಲಸ್ಟರ್ ಮಾಡಿ, ಅಂದರೆ ಒಂದು ಹಳ್ಳಿಯವರನ್ನು ಒಂದು ಗುಂಪಾಗಿ ಲೆಕ್ಕಕ್ಕೆ ಹಿಡಿದು, ಎಫ್ ಮತ್ತೆ ತೆಗೆಯಿರಿ. ಅದು ಕುಸಿದರೆ 1949ರ ಆಂಡರ್ಸನ್–ರೂಬಿನ್ ಪರೀಕ್ಷೆ ಹಿಡಿಯಿರಿ. ಇನ್‌ಸ್ಟ್ರುಮೆಂಟ್ ದುರ್ಬಲವಾಗಿದ್ದರೂ ಅದು ದಾರಿ ತಪ್ಪಿಸುವುದಿಲ್ಲ. ಸೊಪ್ಪಿನ ಸೋರಿಕೆಗೆ ಮಾತ್ರ ಅದರಲ್ಲೂ ಮದ್ದಿಲ್ಲ.