ಓದುಗರ ಪ್ರಶ್ನೆ: ಸುತ್ತಿಗೆ ಏಟಿನಲ್ಲಿ ಎಸ್-ತರಂಗ ಯಾವುದೆಂದು ಗೊತ್ತಾಗುವುದು ಹೇಗೆ?

ಪ್ರಶ್ನೆ: ನೆಲಕ್ಕೆ ಹೊಡೆದರೆ ಪಿ (ಮಣ್ಣನ್ನು ಹಿಂದೆಮುಂದೆ ಒತ್ತುತ್ತಾ ಸಾಗುವುದು), ಎಸ್ (ಅಡ್ಡಡ್ಡ ಅಲುಗಿಸುತ್ತಾ ಸಾಗುವುದು) ಎರಡೂ ತರಂಗಗಳು ಹುಟ್ಟುತ್ತವೆ. ನೆಲದ ಬಿಗಿತ ತಿಳಿಯಲು ಬೋರ್‌ಹೋಲಿನಲ್ಲಿ (ನೆಲದೊಳಗೆ ಕೊರೆದ ರಂಧ್ರದಲ್ಲಿ) ತರಂಗದ ವೇಗ ಅಳೆಯುವ ಪರೀಕ್ಷೆಯಲ್ಲಿ ಎಸ್ ಅನ್ನು ಬೇರ್ಪಡಿಸುವುದು ಹೇಗೆ? ಮೊದಲು ಬರುವ ಪಿ-ತರಂಗವನ್ನು ಅಳೆದರೆ ಸಾಲದೆ?

ಸಾಲದು. ಅಂತರ್ಜಲದ ಕೆಳಗೆ ಪಿ-ತರಂಗವನ್ನು ಹೊತ್ತೊಯ್ಯುವುದು ಬಹುಪಾಲು ನೀರೇ. ಜೇಡಿಮಣ್ಣು ಮೆತ್ತಗಿದ್ದರೂ ವೇಗ ಸೆಕೆಂಡಿಗೆ 1500 ಮೀಟರ್ ಆಸುಪಾಸು ಬರುತ್ತದೆ. ಎಸ್-ತರಂಗ ನೀರಿನಲ್ಲಿ ಹೋಗಲಾರದು. ಮಣ್ಣಿನ ಕಣಗಳ ಬಿಗಿತವನ್ನೇ ನೆಚ್ಚಿಕೊಂಡಿರುತ್ತದೆ. ಅದೇ ಜೇಡಿಯಲ್ಲಿ ಅದರ ವೇಗ 150 ಇರಬಹುದು. ಅಡಿಪಾಯಕ್ಕೆ ಬೇಕಾದ ಸಂಖ್ಯೆ ಇದು.

ಗುರುತಿಸುವ ಉಪಾಯ ಹಲಗೆಯಲ್ಲಿದೆ. ಬೋರ್‌ಹೋಲಿನಿಂದ 2–3 ಮೀಟರ್ ದೂರದಲ್ಲಿ ಉದ್ದನೆಯ ಮರದ ಹಲಗೆಯನ್ನು ಅಡ್ಡಲಾಗಿ ಇಟ್ಟು, ಅದು ಜಾರದಂತೆ ಮೇಲೆ ಜೀಪಿನ ಚಕ್ರ ಹತ್ತಿಸಿ. ಮೂರು ದಿಕ್ಕಿನ ಜಿಯೋಫೋನನ್ನು (ನೆಲದ ಅಲುಗಾಟ ದಾಖಲಿಸುವ ಸಾಧನವನ್ನು) ಬೋರ್‌ಹೋಲಿನಲ್ಲಿ ಕೂರಿಸಿದ ಪಿವಿಸಿ ಕೊಳವೆಯೊಳಗೆ ಇಳಿಸಿ ಗೋಡೆಗೆ ಒತ್ತಿ ನಿಲ್ಲಿಸಿ. ಹಲಗೆಯ ಎಡತುದಿಗೆ ಹೊಡೆದು ದಾಖಲಿಸಿ, ಆಮೇಲೆ ಬಲತುದಿಗೆ. ಏಟಿನ ದಿಕ್ಕು ತಿರುಗಿದರೆ ದಾಖಲೆಯಲ್ಲಿ ಎಸ್-ತರಂಗದ ಗೆರೆ ಬುಡಮೇಲಾಗುತ್ತದೆ. ಪಿ-ತರಂಗ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಎರಡು ಗೆರೆಗಳನ್ನು ಒಂದರ ಮೇಲೊಂದು ಇಟ್ಟಾಗ ಅವು ಕವಲೊಡೆಯುವ ಜಾಗವೇ ಎಸ್ ಬಂದ ಹೊತ್ತು. ಪ್ರತಿ ಮೀಟರ್ ಆಳಕ್ಕೂ ಇದೇ ಕೆಲಸ.

ಕೆಡುವುದು ಹೆಚ್ಚಾಗಿ ಸಮಯದ ಲೆಕ್ಕದಲ್ಲಿ. ವೇಗ 250 ಇದ್ದರೆ ಒಂದು ಮೀಟರ್ ದಾಟಲು 4 ಮಿಲಿಸೆಕೆಂಡ್ ಸಾಕು. ಅರ್ಧ ಮಿಲಿಸೆಕೆಂಡ್ ಆಚೀಚೆಯಾದರೆ ಉತ್ತರ 222ರಿಂದ 286ರವರೆಗೆ ಎಲ್ಲಿಗೆ ಬೇಕಾದರೂ ಜಾರುತ್ತದೆ. ಬಿಗಿತ ವೇಗದ ವರ್ಗಕ್ಕೆ ತಕ್ಕಂತೆ ಬದಲಾಗುವುದರಿಂದ ಅಲ್ಲಿ ತಪ್ಪು ಇನ್ನೂ ದೊಡ್ಡದು. ಹಾಗಾಗಿ ಯಂತ್ರ 0.1 ಮಿಲಿಸೆಕೆಂಡಿಗೊಂದು ಸಲವಾದರೂ ಅಲುಗಾಟವನ್ನು ಅಳೆದು ದಾಖಲಿಸಬೇಕು. ಏಟು ಬಿದ್ದ ಕ್ಷಣವನ್ನು ಯಂತ್ರಕ್ಕೆ ತಿಳಿಸುವ ಸುತ್ತಿಗೆಯ ಟ್ರಿಗರ್ ಪ್ರತಿ ಏಟಿಗೂ ಒಂದೇ ಸಮನಾಗಿ ಕೆಲಸ ಮಾಡಬೇಕು.

ತರಂಗ ಹಲಗೆಯಿಂದ ಜಿಯೋಫೋನಿಗೆ ನೇರ ಕೆಳಗಲ್ಲ, ಓರೆಯಾಗಿ ಬರುತ್ತದೆ ಎಂಬುದನ್ನು ಮರೆಯುವವರೂ ಉಂಟು. ಹಲಗೆ 3 ಮೀಟರ್ ದೂರದಲ್ಲಿದ್ದರೆ 3 ಮೀಟರ್ ಆಳಕ್ಕೆ ದಾರಿ 4.24, 4 ಮೀಟರ್ ಆಳಕ್ಕೆ 5. ವ್ಯತ್ಯಾಸ 0.76 ಮೀಟರ್ ಮಾತ್ರ. ಅದನ್ನು 1 ಎಂದು ಹಿಡಿದರೆ ವೇಗ ಮೂರನೇ ಒಂದರಷ್ಟು ಹೆಚ್ಚು ಬರುತ್ತದೆ. ಆಳ ಹೆಚ್ಚಿದಂತೆ ಈ ತೊಡಕು ಕರಗುತ್ತದೆ.

ಇನ್ನು ಗ್ರೌಟ್, ಅಂದರೆ ಕೊಳವೆಯ ಸುತ್ತಲಿನ ಸಂದಿಗೆ ತುಂಬುವ ಗಾರೆ. ಸಿಮೆಂಟ್–ಬೆಂಟೊನೈಟ್ (ನೀರು ಹೀರಿ ಉಬ್ಬುವ ಜೇಡಿ) ಮಿಶ್ರಣ ತುಂಬದೆ ಎಲ್ಲಾದರೂ ಪೊಳ್ಳು ಉಳಿದರೆ ಅಲ್ಲಿ ಪಿವಿಸಿ ಕೊಳವೆಯೇ ಗುಂಯ್‌ಗುಡುತ್ತದೆ, ಗೆರೆ ಬುಡಮೇಲಾಗುವುದು ಕಾಣುವುದೇ ಇಲ್ಲ. ಜಿಯೋಫೋನಿನ ಹಿಡಿತ ಸಡಿಲವಾದರೂ ಹೀಗೇ ಆಗುತ್ತದೆ. ಆದ್ದರಿಂದ ಮೊದಲು ಹಿಡಿತ ಸರಿಪಡಿಸಿ ಮತ್ತೆ ಹೊಡೆಸಿ. ಆಗಲೂ ಕಾಣದಿದ್ದರೆ ಆ ಆಳದ ಓದನ್ನು ಬಿಟ್ಟುಬಿಡಿ.